ಚೀಟಿಗೆ ಕರಗುವ ಗುಣ ಬಂದದ್ದು

ಲೋಕ ಇನ್ನೂ ಹಸಿಮಣ್ಣಿನಂತೆ ಮೆತ್ತಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ. ಮೀನು, ಹಕ್ಕಿ, ಮರ, ಮನುಷ್ಯ ಯಾರೂ ಬಂದಿರಲಿಲ್ಲ. ಇದ್ದದ್ದು ನೀರು, ಮತ್ತು ನೀರಿನಲ್ಲಿ ತೇಲುವ ಒಂದು ಮನೆ. ಸಾಸಿವೆ ಕಾಳನ್ನು ಸಾವಿರ ಚೂರು ಮಾಡಿದರೂ ಒಂದು ಚೂರು ಆ ಮನೆಗಿಂತ ದೊಡ್ಡದೇ.

ನಿನ್ನೆ ಲ್ಯಾಬಿನಲ್ಲಿ ನಿನ್ನವ್ವ ನಿನ್ನನ್ನು ಗದರಿದ್ದು ಯಾಕೆ ಎಂದು ಈ ಅಜ್ಜನನ್ನು ಕೇಳಿದೆಯಲ್ಲ, ಶಾಲ್ಮಲಾ? ಅದರ ಉತ್ತರ ಆ ಮನೆಯಲ್ಲಿದೆ.

ಆ ಮನೆಯಲ್ಲಿ ಹೊತ್ತಿಗೆಯಜ್ಜಿ ಇದ್ದಳು; ಲ್ಯಾಬಿನವರು ಅವಳನ್ನು ಡಿಎನ್‌ಎ ಎನ್ನುತ್ತಾರೆ. ಗೋಡೆ ಕಟ್ಟುವುದು ಹೇಗೆ, ಬಾಗಿಲು ತೆರೆಯುವುದು ಹೇಗೆ, ಹಸಿವಾದರೆ ಏನು ಬೇಯಿಸುವುದು, ಎಲ್ಲ ಅವಳ ಮೈಮೇಲೆ ಬರೆದಿತ್ತು. ಬಳಸಿದ್ದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಓದಿದವರನ್ನು ನಾವು ನಾಲ್ಕಕ್ಷರ ಕಲಿತವರು ಎನ್ನುತ್ತೇವೆ. ಅಜ್ಜಿ ನಿಜಕ್ಕೂ ಅಷ್ಟೇ ಕಲಿತವಳು.

ಮನೆಯ ಕೆಲಸದವರಲ್ಲಿ ಗೋಡೆ ಕಟ್ಟುವವರು ತಮ್ಮ ಸಾಲು ಓದಲು ಬಂದು ಅವಳನ್ನು ಒಂದು ಕಡೆ ಎಳೆಯುತ್ತಿದ್ದರು, ಅಡುಗೆಯವರು ಬಂದು ಇನ್ನೊಂದು ಕಡೆ. ಒಂದು ದಿನ ಒಂದು ಸಾಲು ಹರಿದು ಹೋಯಿತು. ಅದು ಕತ್ತಲಲ್ಲಿ ಹೊಳೆಯುವ ವಿದ್ಯೆಯ ಸಾಲು. ಅಂದಿನಿಂದ ಮನೆ ಹೊಳೆಯಲಿಲ್ಲ.

"ಹೋದದ್ದು ಹೋತು," ಅಂದಳು ಅಜ್ಜಿ. "ಇನ್ನ ನಾಕು ಸಾಲು ಹೋದ್ರ ಮನಿ ಉಳಿಯೂದಿಲ್ಲ."

ಆಗ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಒಬ್ಬ ಎದ್ದ. ಈಗಿನ ಲ್ಯಾಬಿನವರು ಅವನನ್ನು ಆರ್‌ಎನ್‌ಎ ಪಾಲಿಮರೇಸ್ ಎನ್ನುತ್ತಾರೆ. ಅಷ್ಟುದ್ದ ಹೆಸರು ಕರೆಯುವಷ್ಟರಲ್ಲಿ ಅವನ ಕೆಲಸವೇ ಮುಗಿದಿರುತ್ತದೆ. ನಾವು ಬರೆಯಪ್ಪ ಎನ್ನೋಣ.

"ಅಜ್ಜಿ, ನಿನ್ನನ್ನ ಯಾರೂ ಮುಟ್ಟೂದು ಬ್ಯಾಡ," ಅಂದ ಬರೆಯಪ್ಪ. "ಯಾರಿಗೆ ಏನ್ ಬೇಕೋ ಅಷ್ಟನ್ನ ನಾನು ಚೀಟ್ಯಾಗ ಬರದು ಕೊಡ್ತೀನಿ."

ಉತ್ಸಾಹ ಬಹಳ, ಪದ್ಧತಿ ಕಡಿಮೆ. ಬಾಗಿಲಿನ ಚೀಟಿಯನ್ನು ಅವನು ನಡುವಿನಿಂದ ಬರೆದ. ಅದರಲ್ಲಿ ತೆರೆಯುವುದಿತ್ತು, ಎಷ್ಟು ತೆರೆಯಬೇಕೆಂಬುದು ಇರಲಿಲ್ಲ. ನೀರು ಒಳಗೆ ನುಗ್ಗಿತು.

"ಶ್ರೀಕಾರ ಹಾಕದ ಬರಿಯೂ ಪದ್ಧತಿ ಯಾವ ಊರಾಗೈತಿ?" ಎಂದು ಅಜ್ಜಿ ಕೇಳಿದಳು. ಬರೆಯಪ್ಪ ತಲೆ ಕೆರೆದುಕೊಂಡ. ಅಜ್ಜಿ ಒಂದೊಂದು ವಿಷಯದ ತಲೆಯ ಮೇಲೂ ಒಂದು ಶ್ರೀಕಾರ ಇಟ್ಟಳು, ಕೊನೆಗೆ ಒಂದು ಮಂಗಳ. ಶ್ರೀ ಕಂಡಲ್ಲಿ ಶುರು, ಮಂಗಳ ಕಂಡಲ್ಲಿ ನಿಲ್ಲು. ಆಮೇಲೆ ಚೀಟಿಗಳು ಸರಿಯಾದವು.

ಆದರೆ ಒಂದು ದಿನ ಬಿಸಿಲು ಉರಿಯಿತು. 'ನೆರಳು ಕಟ್ಟಿ' ಎಂದು ಬರೆಯಪ್ಪ ಚೀಟಿ ಕೊಟ್ಟ. ಬಿಸಿಲು ಇಳಿಯಿತು, ಚೀಟಿ ಉಳಿಯಿತು. ಚೀಟಿ ಇದ್ದಷ್ಟು ಹೊತ್ತೂ ಕೆಲಸದವರು ನೆರಳು ಕಟ್ಟಿದರು. ನೆರಳಿನ ಮೇಲೆ ನೆರಳು, ಅದರ ಮೇಲೆ ಇನ್ನೊಂದು ನೆರಳು. ಒಲೆ ಹಚ್ಚಲು ಜಾಗವಿಲ್ಲದೆ ಮನೆ ಹಸಿವಿನಿಂದ ನಡುಗತೊಡಗಿತು.

"ಕೆಲಸ ಮುಗಿದ ಚೀಟಿ ಸಾಯಬೇಕು," ಅಂದಳು ಅಜ್ಜಿ.

"ನಾ ಬರದದ್ದಾ?" ಅಂದ ಬರೆಯಪ್ಪ.

ಬಾಗಿಲಲ್ಲಿದ್ದ ನೀರು ಕೇಳಿಸಿಕೊಂಡಿತು.

"ನಾ ತಿಂತೀನಿ," ಅಂದಿತು ನೀರು. "ಆದ್ರ ಚೀಟಿ ಯಾವುದು, ಅಜ್ಜಿ ಯಾರು, ನನಗ ಹೆಂಗ ಗೊತ್ತಾಗಬೇಕು? ಇಬ್ಬರ ಮೈಮ್ಯಾಲೂ ಅವೇ ನಾಲ್ಕಕ್ಷರ."

ನೀರು ಒಮ್ಮೆ ತಪ್ಪಿದರೆ ಅಜ್ಜಿಯೇ ಇಲ್ಲ. ಅಜ್ಜಿ ಇಲ್ಲದಿದ್ದರೆ ಮನೆಯೇ ಇಲ್ಲ.

"ನನ್ನ ಚೀಟ್ಯಾಗ ಟಿ ಬರಿಯೂದಿಲ್ಲ," ಅಂದ ಬರೆಯಪ್ಪ ಕೊನೆಗೆ. "ಅದರ ಜಾಗದಾಗ ಯು ಬರೀತೀನಿ. ಯು ಕಂಡ್ರ ತಿನ್ನು. ಟಿ ಕಂಡ್ರ ಕೈ ಮುಗದು ಮುಂದ ಹೋಗು."

ಹಾಗೆ ಅವನು ತನ್ನ ಬರಹಕ್ಕೆ ತಾನೇ ಸಾವಿನ ಗುರುತು ಹಾಕಿದ. ಅವನಿಗೆ ಸಂಕಟವಾಯಿತು. ಆದರೂ ಮುಂದಿನ ಚೀಟಿ ಬರೆದ. ನೀರು ಹಳೆಯ ಚೀಟಿಗಳನ್ನು ನುಂಗಿತು, ಒಲೆ ಹೊತ್ತಿಕೊಂಡಿತು, ಮನೆ ಬದುಕಿತು. ಒಂದು ಮನೆ ಎರಡಾಯಿತು, ಎರಡು ನಾಲ್ಕಾಯಿತು. ಮೀನು, ಹಕ್ಕಿ, ಮರ, ನೀನು, ನಾನು, ಎಲ್ಲ ಅಂಥ ಮನೆಗಳಿಂದಲೇ, ಅಂದರೆ ಜೀವಕೋಶಗಳಿಂದಲೇ, ಆದವರು. ಚೀಟಿ ತಿನ್ನುವ ಪುಟ್ಟ ಬಾಯಿಗಳನ್ನೂ ನೀರು ಎಲ್ಲೆಡೆ ಬಿಟ್ಟಿತು. ನಿನ್ನ ಬೆರಳ ತುದಿಯ ಬೆವರಿನಲ್ಲೂ ಅವು ಇವೆ.

ನಿನ್ನವ್ವನ ಲ್ಯಾಬಿನ ಕೊಳವೆಯಲ್ಲಿ ಒಬ್ಬ ಬರೆಯಪ್ಪ ಇದ್ದಾನೆ. ಬಲು ಹಟಮಾರಿ, ತನ್ನ ಮನೆತನದ ಶ್ರೀಕಾರ ಕಂಡರೆ ಮಾತ್ರ ಶುರು ಮಾಡುತ್ತಾನೆ. ಅದಕ್ಕೇ ಲ್ಯಾಬಿನವರಿಗೆ ಅವನೆಂದರೆ ಇಷ್ಟ. ಹೊತ್ತಿಗೆಯ ಒಂದು ತುಂಡಿಗೆ ಆ ಶ್ರೀಕಾರ ಅಂಟಿಸಿ, ಬಿಡಿ ಅಕ್ಷರ ಹಾಕಿ, ಬೆಚ್ಚಗೆ ಇಟ್ಟರೆ ರಾಶಿ ರಾಶಿ ಚೀಟಿ, ಅಂದರೆ ಆರ್‌ಎನ್‌ಎ, ಬರೆದುಕೊಡುತ್ತಾನೆ. ರೋಗದ ಗುರುತನ್ನು ಮೈಗೆ ಮೊದಲೇ ಕಲಿಸುವ ಲಸಿಕೆಯ ಚೀಟಿಗಳೂ ಹೀಗೆಯೇ ಆಗುತ್ತವೆ. ನಿನ್ನವ್ವ ಎಂಟು ದಿನ ದುಡಿದು ಮಾಡಿದ ಅಂಥ ಚೀಟಿಗಳಿದ್ದ ಕೊಳವೆಯೊಳಗೆ ನಿನ್ನೆ ನೀನು ಬರಿ ಬೆರಳು ಅದ್ದಿದೆ, ಶಾಲ್ಮಲಾ. ಬೆರಳಿನ ಪುಟ್ಟ ಬಾಯಿಗಳು ಅವನ್ನೆಲ್ಲ ತಿಂದುಬಿಟ್ಟವು.

ಅದಕ್ಕೇ ಇವತ್ತಿಗೂ ನಿನ್ನವ್ವ ಲ್ಯಾಬಿನಲ್ಲಿ ಕೈಗವಸು ತೊಟ್ಟು, ಬರೆದಾದ ಚೀಟಿಗಳ ಕೊಳವೆಯನ್ನು ಐಸಿನ ಮೇಲಿಟ್ಟು, ತನ್ನ ಬೆರಳನ್ನೇ ನಂಬದೆ ಕೆಲಸ ಮಾಡುತ್ತಾಳೆ. ಮನೆಗೆ ಬಂದ ಮೇಲೆ ಬರಿಗೈಯಿಂದ ನಿನ್ನ ತಲೆ ಸವರುತ್ತಾಳೆ.