ದೊರೆಯ ಸಾರೋಟಿಗೆ ರಕ್ಷಾಲೇಪ

"ಕಾಗೆ ಹಿಕ್ಕೆ ಹಾಕಲಿ, ಜಾರಿ ಬೀಳುತ್ತೆ. ಬಿಸಿಲು ಸುಡಲಿ, ಬಣ್ಣ ಮಾಸೋದಿಲ್ಲ. ಮೆತ್ತೆ ಮೇಲೆ ಸಾರು ಚೆಲ್ಲಲಿ ಮಹಾಪ್ರಭು, ತಾಂಬೂಲವನ್ನೇ ಉಗುಳಲಿ, ಒಂದು ಕಲೆ ನಿಂತರೆ ನನ್ನ ಹೆಸರು ದಾಮೋದರಯ್ಯನೇ ಅಲ್ಲ!"

ಹೊನ್ನಗುಡ್ಡದ ದೊರೆ ಹಿರೇರಂಗ ನಾಯಕರು ಆಗತಾನೇ ಈ ದಾಮೋದರಯ್ಯನಿಂದ ಕುದುರೆ ಸಾರೋಟೊಂದನ್ನು ಕೊಂಡಿದ್ದರು. ಹೊರಗೆ ದಾಳಿಂಬೆ ಕೆಂಪು, ಒಳಗೆ ಹಾಲುಬಿಳುಪಿನ ಮಖಮಲ್ಲಿನ ಮೆತ್ತೆ. ವ್ಯಾಪಾರ ಮುಗಿದಿದ್ದರೂ ದಾಮೋದರಯ್ಯ ಆಸ್ಥಾನ ಬಿಟ್ಟು ಕದಲಲಿಲ್ಲ. ಕೊಂಡವರ ಖುಷಿ ಆರುವ ಮೊದಲೇ ಅವರಿಗೆ ಇನ್ನೊಂದು ಸರಕು ದಾಟಿಸಬೇಕು ಎನ್ನುವುದು ಅವನ ಕಸುಬಿನ ಗುಟ್ಟು. ಜರಿ ರುಮಾಲು ಸರಿಮಾಡಿಕೊಂಡು, ಚೀಲದಿಂದ ಪುಟ್ಟ ಭರಣಿಯೊಂದನ್ನು ಹೊರತೆಗೆದ.

"ಇದು ರಕ್ಷಾಲೇಪ. ಬಣ್ಣಕ್ಕೊಂದು ಕೈ, ಮೆತ್ತೆಗೊಂದು ಕೈ ಹಚ್ಚಿಬಿಟ್ಟರೆ ಏಳು ವರ್ಷ ಯೋಚನೆಯಿಲ್ಲ. ಬೆಲೆಯೂ ಹೆಚ್ಚಲ್ಲ, ಸಾರೋಟಿನ ಬೆಲೆಯಲ್ಲಿ ಬರೀ ಕಾಲುಭಾಗ."

ದೊರೆ ತಲೆಯಾಡಿಸುವಷ್ಟರಲ್ಲಿ ಆಸ್ಥಾನದ ಜಾಣ ಬೊಮ್ಮರಸ ಕೆಮ್ಮಿದ. ಅವನ ಕೆಮ್ಮಿಗೆ ಶೀತ ಕಾರಣವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಏನು ಬೊಮ್ಮರಸ?"

"ಏನಿಲ್ಲ ಪ್ರಭು. ಸಾರೋಟು ಮಾರುವಾಗ ಇದರ ಬಣ್ಣ ಮೂರು ತಲೆಮಾರು ಬಾಳುತ್ತೆ ಅಂದಿದ್ದರು. ಮಾರಿ ಇನ್ನೂ ಒಂದು ಗಳಿಗೆಯಾಗಿಲ್ಲ. ಅಷ್ಟರಲ್ಲೇ ಬಣ್ಣಕ್ಕೆ ಮದ್ದು ಹಚ್ಚಬೇಕು ಅಂತಿದ್ದಾರೆ. ಪಾಪ, ಅದಕ್ಕೇನು ಕಾಯಿಲೆ ಬಂತೋ ಅಂತ ಯೋಚಿಸ್ತಿದ್ದೆ."

ಸಭೆ ನಕ್ಕಿತು. ದೊರೆ ನಗಲಿಲ್ಲ. ಹೊಸ ಸಾರೋಟು ಹೊಸ ಅಳಿಯನಿದ್ದ ಹಾಗೆ, ಅದರ ಬಗ್ಗೆ ಯಾರೂ ಕೊಂಕು ಆಡಬಾರದು.

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ! ಈ ಲೇಪ ದಂಡ ಅಂತ ಸಂಜೆಯೊಳಗೆ ತೋರಿಸು. ಇಲ್ಲದಿದ್ದರೆ ಲೇಪ ಕೊಳ್ಳೋದೂ ನಿಜ, ಏಳು ವರ್ಷ ನೀನು ಬಟ್ಟೆ ಹಿಡಿದು ಸಾರೋಟಿನ ಹಿಂದೆ ಓಡ್ತಾ ಧೂಳು ಒರೆಸೋದೂ ನಿಜ!"

ಬೊಮ್ಮರಸನ ಮುಖ ಬಾಡಿತು. ಡೊಳ್ಳುಹೊಟ್ಟೆಯ ಆಸಾಮಿ, ಮೇಲಿಂದ ಮಂಡಿನೋವು. ಆಸ್ಥಾನದ ಮೆಟ್ಟಿಲು ಹತ್ತುವಾಗಲೇ ನಡುವೆ ಕೂತು ಸುಧಾರಿಸಿಕೊಳ್ಳುವವನು ಕುದುರೆಯ ಹಿಂದೆ ಓಡುವುದುಂಟೇ! ಅವನಿಗೆ ನಿಜಕ್ಕೂ ಭಯವಾಯಿತು. ಕಿಟಕಿಯಾಚೆ ಕಣ್ಣು ಹಾಯಿಸಿದ. ಅಂಗಳದಲ್ಲಿ ದಾಮೋದರಯ್ಯನ ಸ್ವಂತ ಸಾರೋಟು ನಿಂತಿತ್ತು.

"ಸಾಹುಕಾರರೇ, ನಿಮ್ಮ ಸಾರೋಟಿಗೂ ಇದೇ ಲೇಪ ಹಚ್ಚಿದ್ದೀರಾ?"

"ಮತ್ತೆ? ಮೊದಲು ಹಚ್ಚಿದ್ದೇ ನನ್ನದಕ್ಕೆ! ಹೋದ ವರ್ಷದ್ದು. ಮೆತ್ತೆ ಇವತ್ತಿಗೂ ಮಲ್ಲಿಗೆ ಹೂವಿನ ಹಾಗಿದೆ, ಬೇಕಾದರೆ ನೋಡಿ."

"ಹಾಗಾದರೆ ನಾನು ಸೋತೆ ಪ್ರಭು," ಎಂದು ಬೊಮ್ಮರಸ ಕೈಮುಗಿದ. "ಲೇಪ ಕೊಂಡುಬಿಡಿ. ವ್ಯಾಪಾರದ ವೀಳ್ಯವನ್ನು ಸಾಹುಕಾರರ ಸಾರೋಟಿನಲ್ಲೇ ಮೆಲ್ಲೋಣ. ಲೇಪ ಹಚ್ಚಿದ ಮೆತ್ತೆಯ ಸುಖ ತಮಗೂ ತಿಳಿಯಲಿ."

ಹೊನ್ನಗುಡ್ಡದಲ್ಲಿ ಎಷ್ಟೇ ಮಾತಾದರೂ, ಕೊಳ್ಳುವವನೂ ಮಾರುವವನೂ ಜೊತೆಗೆ ಕೂತು ವೀಳ್ಯ ಮೆಲ್ಲುವ ತನಕ ವ್ಯಾಪಾರ ಕುದುರಿದ ಲೆಕ್ಕವಲ್ಲ. ದೊರೆ ಖುಷಿಯಿಂದ ಎದ್ದರು. ಅವರು ಎಲ್ಲಿ ವೀಳ್ಯ ಹಾಕಿದರೂ ಹಿಂದೆಯೇ ಪೀಕದಾನಿ ಹಿಡಿದು ನಿಲ್ಲುವ ಸೇವಕನೊಬ್ಬನಿದ್ದ. ಬೊಮ್ಮರಸ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವನು ಸದ್ದಿಲ್ಲದೆ ಅಡುಗೆಮನೆಯ ಕಡೆ ನಡೆದ.

ಮೂವರೂ ಸಾರೋಟಿನಲ್ಲಿ ಕೂತರು. ಬೊಮ್ಮರಸ ತಾನೇ ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಕಾಚು ಧಾರಾಳವಾಗಿ ಸೇರಿಸಿ ದೊರೆಯ ಕೈಗಿಟ್ಟ. ದೊರೆಯನ್ನು ನೋಡಲು ಜನ ಸಾರೋಟಿನ ಎರಡೂ ಕಡೆ ಮುತ್ತಿಕೊಂಡು ಕೈಮುಗಿದು ನಿಂತರು.

ಮೆದ್ದ ಹಾಗೆಲ್ಲ ದೊರೆಯ ಕೆನ್ನೆ ಊದುತ್ತ ಬಂತು. ಅವರು ಪೀಕದಾನಿಗಾಗಿ ಕೈ ಚಾಚಿದರು. ಪೀಕದಾನಿ ಇಲ್ಲ. ಆ ಕಡೆ ನೋಡಿದರೆ ಪ್ರಜೆಗಳು, ಈ ಕಡೆ ನೋಡಿದರೂ ಪ್ರಜೆಗಳು. ಕೈಮುಗಿದವರ ಮೇಲೆ ಉಗುಳುವುದು ಯಾವ ದೊರೆಗೂ ಶೋಭೆಯಲ್ಲ.

"ಉಂ! ಉಂಹೂಂ!" ಎಂದರು ದೊರೆ, ಕಣ್ಣು ಕೆಂಪಗೆ ಮಾಡಿ.

"ಪೀಕದಾನಿಯವನನ್ನು ಊಟಕ್ಕೆ ಕಳಿಸಿದೆ ಪ್ರಭು," ಎಂದ ಬೊಮ್ಮರಸ. "ಲೇಪ ಹಚ್ಚಿದ ಸಾರೋಟಿನಲ್ಲಿ ಅವನಿಗೇನು ಕೆಲಸ? ಮೆತ್ತೆ ಮೇಲೇ ಉಗುಳಿ. ಕಲೆ ನಿಲ್ಲೋದಿಲ್ಲ ಅಂತ ಸಾಹುಕಾರರೇ ಹೇಳಿದ್ದಾರಲ್ಲ."

ದಾಮೋದರಯ್ಯ ಬೆವತುಹೋದ. "ತಡೀರಿ ಮಹಾಪ್ರಭು! ಬಿಸಿಲು ಹೊತ್ತಲ್ಲಿ ಉಗುಳಿದರೆ ಲೇಪ ಕೆಲಸ ಮಾಡೋದಿಲ್ಲ..."

"ಸಾರೋಟು ನೆರಳಲ್ಲೇ ಇದೆ," ಎಂದ ಬೊಮ್ಮರಸ.

"ಕಾಚು ಹಾಕಿದ ವೀಳ್ಯಕ್ಕೆ ಮಾತು ಬೇರೆ! ಆಮೇಲೆ... ತಿಂಗಳಿಗೊಮ್ಮೆ ನಮ್ಮ ಅಂಗಡಿಯಲ್ಲೇ ತೊಳೆಸಿರಬೇಕು..."

"ನಿಮ್ಮ ಸಾರೋಟನ್ನು ನಿಮ್ಮ ಅಂಗಡಿಯಲ್ಲಿ ತೊಳೆಯದೆ ಇನ್ನೆಲ್ಲಿ ತೊಳೀತೀರಿ? ಪ್ರಭು, ತಡ ಯಾಕೆ?"

ದೊರೆಗೂ ಇನ್ನು ತಡೆಯಲಾಗಲಿಲ್ಲ. ಮೆತ್ತೆಯ ಕಡೆ ಬಾಗಿದರು. "ಅಯ್ಯಯ್ಯೋ!" ಎಂದು ಚೀರಿದ ದಾಮೋದರಯ್ಯ ತಲೆಯ ಮೇಲಿನ ಜರಿ ರುಮಾಲನ್ನು ಕಿತ್ತು, ದೊರೆಯ ಬಾಯಿಯ ಕೆಳಗೆ ಎರಡೂ ಕೈಯಲ್ಲಿ ಬೊಗಸೆಯಾಗಿ ಹಿಡಿದ.

ಪಿಚಕ್ಕನೆ ರುಮಾಲು ಕೆಂಪಾಯಿತು.

ದೊರೆ ಬಾಯಿ ಒರೆಸಿಕೊಂಡು ಬಿಳಿಯ ಮೆತ್ತೆಯನ್ನು ನೋಡಿದರು. ಆಮೇಲೆ ರುಮಾಲನ್ನು, ಆಮೇಲೆ ದಾಮೋದರಯ್ಯನ ಬೋಳುತಲೆಯನ್ನು ನೋಡಿದರು.

"ನೋಡಿದಿರಾ ಪ್ರಭು, ಮೆತ್ತೆ ಮೇಲೆ ಒಂದು ಹನಿ ಇಲ್ಲ," ಎಂದ ಬೊಮ್ಮರಸ. "ಆದರೆ ಅದನ್ನು ಕಾಪಾಡಿದ್ದು ಭರಣಿಯ ಲೇಪವಲ್ಲ, ಸಾಹುಕಾರರ ರುಮಾಲು. ಮಾರುವವರಿಗೇ ಇಲ್ಲದ ನಂಬಿಕೆಗೆ ನಾವು ಯಾಕೆ ದುಡ್ಡು ಕೊಡಬೇಕು? ನಮ್ಮ ಮೆತ್ತೆಗೂ ಒಂದು ಹಳೇ ಪಂಚೆ ಹಾಸಿದರೆ ಸಾಕು. ಕೊಳೆಯಾದರೆ ಒಗೆಯೋದಕ್ಕೆ ಹೊಳೆ ಇದೆ."

ದೊರೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇಪವೂ ಬೇಡ, ನೀನು ಓಡೋದೂ ಬೇಡ. ಇವತ್ತಿನಿಂದ ಹೊಸ ಸಾರೋಟಿನಲ್ಲಿ ನಮ್ಮ ಪಕ್ಕದಲ್ಲೇ ಕೂತು ಬಾ!"

ಬೊಮ್ಮರಸ ಎರಡೂ ಮಂಡಿಗಳನ್ನು ಪ್ರೀತಿಯಿಂದ ಸವರಿಕೊಂಡ.

"ನನ್ನ ರುಮಾಲಿನ ಗತಿ ಏನು ಸ್ವಾಮೀ?" ದಾಮೋದರಯ್ಯ ಅಳುಮೋರೆ ಮಾಡಿದ. "ಕಾಶಿಯಿಂದ ತರಿಸಿದ್ದು! ಈ ಕಲೆ ಜನ್ಮದಲ್ಲಿ ಹೋಗೋದಿಲ್ಲ!"

ಬೊಮ್ಮರಸ ಕೆಳಗಿಳಿಯುತ್ತ ಲೇಪದ ಭರಣಿಯನ್ನು ಅವನ ಮಡಿಲಲ್ಲಿಟ್ಟ.

"ಇನ್ನೊಂದು ರುಮಾಲು ಕೊಂಡಾಗ ಮರೆಯದೆ ಇದನ್ನು ಹಚ್ಚಿ ಸಾಹುಕಾರರೇ. ಏಳು ವರ್ಷ ಯೋಚನೆಯಿಲ್ಲ."