ಓರಗಿತ್ತಿಯರೂ ತಾಯಿಮೀನೂ

ತುಂಗಭದ್ರೆಯ ಕಾಲುವೆಯ ಪಕ್ಕದ ಒಂದು ಊರಿನಲ್ಲಿ ಪಂಪಾವತಿ, ಹೊನ್ನೂರಮ್ಮ ಎಂಬ ಓರಗಿತ್ತಿಯರಿದ್ದರು; ಪಂಪಾವತಿ ಹಿರಿಯವಳು. ಅಣ್ಣತಮ್ಮಂದಿರಾದ ಅವರ ಗಂಡಂದಿರು ಜಲಾಶಯದಲ್ಲಿ ಬಲೆ ಹಾಕುವವರು. ಓರಗಿತ್ತಿಯರಿಬ್ಬರೂ ಸೇರಿ ಕೊಳ ಮಾಡಿಕೊಂಡು, ಕಾಟ್ಲಾ ಮೀನುಗಳನ್ನು ಸಾಕಿ, ಅವುಗಳಿಂದ ಮೊಟ್ಟೆ ಇಡಿಸಿ ಮರಿ ಮಾರುತ್ತಿದ್ದರು.

ಹೊಳೆಯಲ್ಲಿ ಹೊಸ ನೀರು ಬಂದಾಗ ಮೀನಿನ ಮೆದುಳು ಒಂದು ಸುದ್ದಿ ಕಳಿಸುತ್ತದೆ. ಮೆದುಳಿನ ಬುಡದ ಗ್ರಂಥಿ ಅದನ್ನು ಹಾರ್ಮೋನಿನ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಸುದ್ದಿ ಮುಟ್ಟಿದ ಮೇಲೆಯೇ ಮೊಟ್ಟೆ ಹಣ್ಣಾಗಿ ಹೊರಗೆ ಬರುತ್ತದೆ. ಕೊಳದ ನಿಂತ ನೀರಿನಲ್ಲಿ ಆ ಸುದ್ದಿ ಹೊರಡುವುದೇ ಇಲ್ಲ. ಅದಕ್ಕೇ ಸಾಕುವವರು ಹಾರ್ಮೋನನ್ನು ಸೂಜಿಯಲ್ಲಿ ಕೊಡುತ್ತಾರೆ. ಆದರೆ ಒಂದು ಮಾತಿದೆ. ಸುದ್ದಿ ಕೇಳಿಸಿಕೊಳ್ಳುವಷ್ಟು ಮೊಟ್ಟೆ ಮೊದಲು ಬಲಿತಿರಬೇಕು.

ಆ ವರ್ಷ ಮಳೆ ಬಿದ್ದು ವಾರಗಳಾದರೂ ಹೊನ್ನೂರಮ್ಮ ಸೂಜಿ ಮುಟ್ಟಲಿಲ್ಲ. ದೊಡ್ಡ ತಾಯಿಮೀನಿನ ಹೊಟ್ಟೆಯಿಂದ ಸಣ್ಣ ನಳಿಗೆಯಲ್ಲಿ ನಾಲ್ಕಾರು ಮೊಟ್ಟೆ ಎಳೆದು, ಭೂತಗನ್ನಡಿಯಲ್ಲಿ ನೋಡಿ, ಇನ್ನೂ ಆಗಿಲ್ಲ ಅನ್ನುತ್ತಿದ್ದಳು. ಮೊಟ್ಟೆಯ ನಡುವಿನ ಚುಕ್ಕೆ ಅಂಚಿಗೆ ಸರಿದರೆ ಅದು ಬಲಿತಂತೆ. ಚುಕ್ಕೆ ನಡುವೆಯೇ ಕೂತಿದೆ ಎಂಬುದು ಅವಳ ಮಾತು.

ಪಂಪಾವತಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹೊನ್ನೂರಮ್ಮನ ಅಣ್ಣ ಪಕ್ಕದ ಊರಲ್ಲಿ ಅದೇ ವರ್ಷ ಮೀನುಮರಿ ವ್ಯಾಪಾರ ಶುರು ಮಾಡಿದ್ದ. ಅವನ ಮರಿಗಳು ಆಗಲೇ ಕೆರೆಕೆರೆಗೂ ಹೋಗುತ್ತಿದ್ದವು. ತವರಿನವರದು ಮೊದಲು ಮಾರಾಟವಾಗಲಿ ಅಂತಲೇ ಇವಳು ತಡ ಮಾಡುತ್ತಿದ್ದಾಳೆ ಎಂದು ಪಂಪಾವತಿ ಲೆಕ್ಕ ಹಾಕಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೊನ್ನೂರಮ್ಮ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಅನುಮಾನ, ನಕ್ಕರೂ ಅನುಮಾನ. ಸೂಜಿಯ ಔಷಧಿಗೆ ನೀರು ಬೆರೆಸಿದ್ದಾಳೋ ಏನೋ ಎಂದು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತಾನೇ ಒಂದು ಸಲ ಮೊಟ್ಟೆ ನೋಡಬಹುದಿತ್ತು, ನೋಡಲು ಬರುತ್ತಲೂ ಇತ್ತು. ನೋಡಲಿಲ್ಲ. ಮೊಟ್ಟೆಯನ್ನು ಬಿಟ್ಟು ಓರಗಿತ್ತಿಯನ್ನು ಕಾಯುತ್ತಾ ಕೂತಳು.

ಒಂದು ಮಧ್ಯಾಹ್ನ ಹೊನ್ನೂರಮ್ಮ ತವರಿಗೆ ಹೋಗಿ ನಾಳೆ ಬರುತ್ತೇನೆ ಎಂದು ಹೊರಟಳು. ಯಾಕೆಂದು ಹೇಳಲಿಲ್ಲ. ಪಂಪಾವತಿಗೆ ಅಷ್ಟೇ ಸಾಕಾಯಿತು. ತಾಯಿಮೀನನ್ನು ಬಲೆಯಲ್ಲಿ ಹಿಡಿದು ತೊಟ್ಟಿಗೆ ತಂದಳು. ಔಷಧಿ ನೀರಾಗಿದ್ದರೆ ಎಂಬ ಸಂಶಯಕ್ಕೆ ಅಳತೆಗಿಂತ ಜಾಸ್ತಿಯೇ ಚುಚ್ಚಿದಳು.

ಸಂಜೆಯ ಹೊತ್ತಿಗೆ ಮೀನು ತೊಟ್ಟಿಯ ಗೋಡೆಗೆ ಹಾಯತೊಡಗಿತು. ಗಂಟುಗಂಟಾಗಿ ಒಂದಿಷ್ಟು ಮೊಟ್ಟೆ ಬಂದು, ದಾರಿ ಕಟ್ಟಿಕೊಂಡಿತು. ಬೆಳಗ್ಗೆ ನೋಡಿದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆರು ವರ್ಷ ಕೈಯಾರೆ ಶೇಂಗಾ ಹಿಂಡಿ ಹಾಕಿ ಸಾಕಿದ ಮೀನು ಅದು.

ಆಗಲೇ ಆಟೋ ಬಂದು ನಿಂತಿತು. ಹೊನ್ನೂರಮ್ಮ ನೀರು ತುಂಬಿದ ಡ್ರಮ್ ಇಳಿಸಿಕೊಂಡಳು. ಅದರಲ್ಲಿ ಒಂದು ದೊಡ್ಡ ಗಂಡು ಕಾಟ್ಲಾ ಬಾಲ ಬಡಿಯುತ್ತಿತ್ತು.

ತೊಟ್ಟಿ ನೋಡಿ ಅವಳು ನಿಂತಲ್ಲೇ ನಿಂತಳು. ಪಂಪಾವತಿ ಆಗಲೂ ಸೋಲಲಿಲ್ಲ. ನೀನು ತಂದಿಟ್ಟ ಔಷಧಿಯೇ ಕೆಟ್ಟದ್ದು, ಅದೇ ಮೀನನ್ನು ಕೊಂದಿತು ಎಂದು ಹರಿಹಾಯ್ದಳು.

ಹೊನ್ನೂರಮ್ಮ ಮೀನನ್ನು ತೊಟ್ಟಿಯಿಂದ ಎತ್ತಿದಳು. ಸತ್ತ ಮೀನಿನ ಹೊಟ್ಟೆ ಸೀಳಿ, ಒಳಗಿದ್ದ ಮೊಟ್ಟೆ ತೆಗೆದು ಗಾಜಿನ ಮೇಲಿಟ್ಟು, ಭೂತಗನ್ನಡಿಯನ್ನು ಅಕ್ಕನ ಕೈಗೆ ಕೊಟ್ಟಳು. ಪಂಪಾವತಿ ಬಗ್ಗಿ ನೋಡಿದಳು. ಎಷ್ಟೋ ಮೊಟ್ಟೆಗಳಲ್ಲಿ ಚುಕ್ಕೆ ನಟ್ಟನಡುವೆ ಇತ್ತು.

"ಮತ್ತೆ ಈ ಗಂಡು ಮೀನು?" ಎಂದಳು ಸಣ್ಣ ದನಿಯಲ್ಲಿ.

"ನಮ್ಮ ಗಂಡು ಮೀನುಗಳಿಗೆ ಕಸುವಿಲ್ಲ ಅಕ್ಕಾ. ಅಣ್ಣನ ಹತ್ತಿರ ಕೇಳಿ ತಂದೆ. ಮುಂಚೆ ಹೇಳಿದ್ದರೆ ಅವರದು ನಮಗೆ ಬೇಡ ಅಂತಿದ್ದೆ ನೀನು."

ಇಬ್ಬರೂ ಸೇರಿ ಮೀನನ್ನು ಕೊಳದ ಬದುವಿನಲ್ಲಿ ಹೂತರು. ಅದಾದ ಮೇಲೆ ಎಷ್ಟೋ ದಿನ ಅವರ ನಡುವೆ ಬೇಕಾದಷ್ಟೇ ಮಾತು.

ಇನ್ನೊಂದು ಚಿಕ್ಕ ತಾಯಿಮೀನು ಉಳಿದಿತ್ತು. ಈ ಸಲ ಅದರ ಮೊಟ್ಟೆಯನ್ನು ಪಂಪಾವತಿಯೇ ಆಗಾಗ ತೆಗೆದು ನೋಡುತ್ತಿದ್ದಳು. ಮಳೆಗಾಲದ ಕೊನೆಗೆ ಒಂದು ಮುಂಜಾನೆ ಚುಕ್ಕೆಗಳು ಅಂಚಿಗೆ ಸರಿದಿದ್ದವು. ಆದರೂ ಅವಳಿಗೆ ಧೈರ್ಯ ಬರಲಿಲ್ಲ. ಓರಗಿತ್ತಿಯನ್ನು ಕರೆದು, "ನೀನೂ ಒಂದು ಸಲ ನೋಡೇ" ಎಂದಳು.

ಹೊನ್ನೂರಮ್ಮ ಸೂಜಿಗೆ ಔಷಧಿ ತುಂಬುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

"ನೀನು ನೋಡಿದ್ದೀಯಲ್ಲ ಅಕ್ಕಾ, ನಾನ್ಯಾಕೆ ನೋಡಲಿ?"

ಮೀನು ಸತ್ತ ದಿನ ಬಾರದ ಅಳು ಪಂಪಾವತಿಗೆ ಆಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಚುಚ್ಚಲು ಅನುಕೂಲವಾಗುವಂತೆ ಮೀನನ್ನು ಎರಡೂ ಕೈಯಲ್ಲಿ ಮೆತ್ತಗೆ ಹಿಡಿದುಕೊಂಡಳು.

ನೀತಿ: ಬಲಿಯದ ಮೊಟ್ಟೆಗೆ ಎಷ್ಟು ಔಷಧಿ ಕೊಟ್ಟರೂ ಅದು ಮರಿಯಾಗದು. ತಡವಾದದ್ದೆಲ್ಲ ಮೋಸವಲ್ಲ. ಸಂಶಯ ಬಂದರೆ ಕಣ್ಣಾರೆ ನೋಡಿ, ಬಾಯಿಬಿಟ್ಟು ಕೇಳಿ. ಸಂಶಯದ ಕೈಗೆ ಮಾತ್ರ ಸೂಜಿ ಕೊಡಬೇಡಿ.