ಇಬ್ಬನಿ ಕುಡಿದ ಬಂಡೆ

ಹೊಲಗಳಿಗೆ ಬೇಲಿಯಿಲ್ಲದಿದ್ದ, ಋತುಗಳು ಶಿವಾಜ್ಞೆಯನ್ನು ಮೀರದಿದ್ದ ಪುರಾತನ ಯುಗವೊಂದರಲ್ಲಿ, ಈಗ ಭಕ್ತಾದಿಗಳು ಪಾದರಕ್ಷೆ ಬಿಟ್ಟು ಏರುವ ಈ ಗುಡ್ಡದ ತಪ್ಪಲಿನ ಎರೆಭೂಮಿಯಲ್ಲಿ ಭರಮನೆಂಬ ಕುರುಬನು ಧರ್ಮಪತ್ನಿಯಾದ ಕೆಂಚವ್ವನೊಡನೆ ಕುರಿ ಕಾಯ್ದುಕೊಂಡು, ಗುಡ್ಡದ ಮೇಲಿನ ಲಿಂಗಾಕಾರದ ಶಿಲೆಗೆ ದಿನವೂ ಗಿಂಡಿ ಹಾಲೆರೆದು ಬಾಳುತ್ತಿದ್ದನು.

ಮಳೆ ಹಿಂದೆಗೆದು ಶರದೃತು ಕಾಲಿಟ್ಟಿತೆಂದರೆ, ಹಿಂಗಾರಿ ಜೋಳ ಬಿತ್ತುವ ರೈತರು ಹಿಕ್ಕೆಯ ಗೊಬ್ಬರಕ್ಕಾಗಿ ಭರಮನ ಮಂದೆಯನ್ನು ರಾತ್ರಿಯಿಡೀ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಬಿತ್ತನೆಯ ಆತುರ ಹೊತ್ತ ಅಂದಾನಗೌಡನಂತೂ ಬೆಳ್ಳಿಚುಕ್ಕಿ ಮಾಸುವ ಮೊದಲೇ ಬಂದು, “ಏಳೋ ಭರಮಾ, ಕುರಿ ಹೊರಗ ಹೊಡಿ, ಕೂರಿಗಿ ಹೂಡಬೇಕು. ಇನ್ನಾ ಕಂಬಳಿ ಹೊತ್ತು ಮಲಗೀದಿ, ನಿನಗಿಂತ ನಿನ್ನ ಟಗರ ಚಲೋ!” ಎಂದು ನಗುತ್ತಿದ್ದನು.

ಇಲ್ಲವೆನ್ನಲು ಬಾಯಿ ಬಾರದ ಭರಮನು ನಸುಕಿನಲ್ಲೇ ಮಂದೆ ಬಿಡುತ್ತಿದ್ದನು. ಇಬ್ಬನಿಯ ಭಾರಕ್ಕೆ ಬಾಗಿದ ಹುಲ್ಲನ್ನು ಹಸಿಹಸಿಯಾಗಿ ಮೇಯ್ದು, ತೊಯ್ದ ನೆಲದಲ್ಲಿ ತಿರುಗಿ, ಕುರಿಗಳ ಹೊಟ್ಟೆಯುಬ್ಬಿತು, ಗೊರಸು ಕೊಳೆಯಿತು. ದಿನಕ್ಕೊಂದು, ಎರಡು ನೆಲಕ್ಕುರುಳಿದವು. ಎಳವೆಯಲ್ಲಿ ತಾಯಿ ಸತ್ತಾಗ ಬಟ್ಟಲಲ್ಲಿ ಹಾಲು ಕುಡಿಸಿ ಬೆಳೆಸಿದ ಚಂದ್ರಿ ಎಂಬ ಕುರಿಯೂ ಮಡಿಲಲ್ಲಿ ಕಣ್ಮುಚ್ಚಿದ ದಿನ, ಅವನು ಗುಡ್ಡವೇರಿ ಏಳು ದಿನ ಅನ್ನೋದಕಗಳನ್ನು ತೊರೆದು, ಇಬ್ಬನಿಯೇ ಬೀಳದಿರಲೆಂದು ಬೇಡಿದನು. ಹಾಲೆರೆದ ಕೈಗೆ ಇಲ್ಲವೆನ್ನಲಾರದ ಭಕ್ತವತ್ಸಲನು ಬೇಡಿದ್ದನ್ನೇ ಕೊಟ್ಟನು.

ಇಬ್ಬನಿ ನಿಂತಿತು. ಕುರಿಗಳು ಚೇತರಿಸಿಕೊಂಡವು. ಆದರೆ ಕಾರ್ತೀಕ ಬರುವಷ್ಟರಲ್ಲಿ, ಮಳೆಯಿಲ್ಲದ ದಿನಗಳಲ್ಲಿ ಇಬ್ಬನಿಯನ್ನೇ ನೆಚ್ಚಿದ್ದ ಎಳೆಯ ಜೋಳವು ಸುಳಿ ಸುರುಟಿ ನಿಂತಿತು. ಒಣಗಿದ ಸಸಿಯೊಂದನ್ನು ಕೈಯಲ್ಲಿ ಹಿಡಿದು ಬದುವಿನ ಮೇಲೆ ಕುಳಿತ ಅಂದಾನಗೌಡನು ಭರಮನನ್ನು ಕಂಡರೂ ನಗಲಿಲ್ಲ.

“ಕುರಿ ಉಳದಾವಲ್ಲ,” ಎಂದನು ಭರಮ, ಮನೆಗೆ ಬಂದು.

“ಉಳದಾವ,” ಎಂದಳು ಕೆಂಚವ್ವ. “ನಾಳಿಂದ ಉಣ್ಣೆ ನಾದಿ ರೊಟ್ಟಿ ಬಡೀತೀನಿ. ಗೌಡರ ಮನಿ ಮಕ್ಕಳಿಗೂ ಒಂದೊಂದು ಕೊಟ್ಟು ಬಾ.”

ಆ ಮಾತು ಭರಮನ ಎದೆಗೆ ನಾಟಿತು. ಅವನು ಇಡೀ ಮಂದೆಯನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ಶಿಲೆಯ ನೆತ್ತಿಯ ಮೇಲೆ ಅಂಗೈಯೂರಿ, “ಕೊಟ್ಟ ವರ ಹೊಳ್ಳಿ ತಗೋ ತಂದೆ. ಕುರಿ ನಿನ್ನವು, ಇಟ್ಟರ ಇಡು, ಒಯ್ದರ ಒಯ್ಯಿ. ಇಬ್ಬನಿ ಮಾತ್ರ ಕಳಸು,” ಎಂದು ಅತ್ತನು. ಆಗ ಶಿಲಾಗರ್ಭದಿಂದ ಗಂಭೀರವಾಣಿಯೊಂದು ಹೊರಟಿತು:

“ವತ್ಸ, ಹಾಲಾಹಲವನ್ನು ಕಂಠದಲ್ಲಿ ಧರಿಸಿದ ನನಗೆ ನಿನ್ನ ಕುರಿಗಳ ಪಾಲಿನ ಈ ಶೀತವಿಷವು ಎಷ್ಟರದು? ಪೈರಿಗೆ ಅಮೃತವಾದದ್ದು ಪೈರಿಗೆ ಸಲ್ಲಲಿ. ಮಿಕ್ಕದ್ದನ್ನು ನಾನು ಈ ಶಿಲೆಯಲ್ಲಿ ನಿಂತು ಕುಡಿಯುವೆನು. ನನ್ನ ನೆತ್ತಿ ಒಣಗುವವರೆಗೆ ಮಂದೆ ಬಿಡಬೇಡ. ಅಲ್ಲಿಯವರೆಗೆ ನಿನ್ನನ್ನು ಎಬ್ಬಿಸುವ ಅಧಿಕಾರ ಯಾವ ಒಡೆಯನಿಗೂ ಇಲ್ಲ.”

ಮರುದಿನ ನಸುಕಿನಲ್ಲಿ ಎರೆಭೂಮಿಯೆಲ್ಲ ಮುತ್ತು ಸುರಿದಂತೆ ತೊಯ್ದಿತ್ತು. ಉಳಿದ ಹೊಲದಲ್ಲಿ ಕಡಲೆ ಬಿತ್ತಲು ಬಂದ ಅಂದಾನಗೌಡನು, ಗುಡ್ಡದ ಮೇಲೆ ಹಸಿ ಬಂಡೆಗೆ ಅಂಗೈಯೂರಿ ಕುಳಿತ ಭರಮನಿಂದ ನಡೆದದ್ದನ್ನೆಲ್ಲ ಕೇಳಿ, ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕುಳಿತನು. ಬಿಸಿಲೇರಿ ಬಂಡೆಯ ನೆತ್ತಿ ಒಣಗಿದ ಮೇಲೆಯೇ ಮಂದೆ ಮೇಯಲು ಹೊರಟಿತು. ಅಂದಿನಿಂದ ಒಂದು ಕುರಿಯೂ ಬೀಳಲಿಲ್ಲ; ಜೋಳ ಮತ್ತೆ ಸುಳಿ ಬಿಚ್ಚಿತು.

ತುಷಾರಲಿಂಗೇಶ್ವರನೆಂದು ಅರ್ಚಿಸಲ್ಪಡುವ, ಹಳ್ಳಿಗರ ಬಾಯಲ್ಲಿ ಇಬ್ಬನಿಯಪ್ಪನಾದ ಆ ಶಿಲೆಯ ನೆತ್ತಿಯಲ್ಲಿ ಅಂಗೈ ಅಗಲದ ತಗ್ಗೊಂದನ್ನು ಭಕ್ತರು ಇಂದಿಗೂ ಕಾಣಬಹುದು. ಆಶ್ವೀಜ, ಕಾರ್ತೀಕಗಳ ಮುಂಜಾವುಗಳಲ್ಲಿ ಕುರುಬನು ಅಲ್ಲಿ ಕೈಯೂರಿ ಕುಳಿತಿದ್ದರೆ, ಕೆಳಗೆ ಮಂದೆ ನಿಂತ ಹೊಲದ ಬದುವಿನಲ್ಲಿ ರೈತನು ಎತ್ತು ಹೂಡಿಕೊಂಡು ಕಾಯುತ್ತಾನೆ. ನೆತ್ತಿ ಒಣಗಿತೆಂದು ಕುರುಬನ ಒಣ ಅಂಗೈ ಮೇಲೆದ್ದು ಕಾಣುವವರೆಗೆ, ಎಂತಹ ಅವಸರವಿದ್ದರೂ, ‘ಏಳು’ ಎಂಬ ಮಾತು ಅವನ ಬಾಯಿಂದ ಹೊರಡುವುದಿಲ್ಲ.